ಲೇಖಕರು ಲಿಟರರಿ ಏಜೆಂಟ್ ಆಗುವುದು: ಕ್ರೈಸ್ತ ಪ್ರಕಾಶನಕ್ಕೆ ಮೈಸೂರಿನಿಂದ ಒಂದು ಕೈಪಿಡಿ

ಒಂದು ಹಸ್ತಪ್ರತಿಯಲ್ಲಿ ಎಷ್ಟು ಹಕ್ಕುಗಳಿವೆ ಎಂದು ಎಣಿಸುವುದರಿಂದ ಲಿಟರರಿ ಏಜೆಂಟರ, ಅಂದರೆ ಲೇಖಕರ ಪರವಾಗಿ ಪುಸ್ತಕವನ್ನು ಪ್ರಕಾಶಕರಿಗೆ ಮಾರಿಕೊಡುವವರ, ಕೆಲಸ ಶುರುವಾಗುತ್ತದೆ. ಕನ್ನಡ ಮುದ್ರಣದ ಹಕ್ಕು ಒಂದು, ಇ-ಪುಸ್ತಕದ್ದು ಇನ್ನೊಂದು, ಆಡಿಯೊ ಮತ್ತೊಂದು. ಇಂಗ್ಲಿಷ್, ತಮಿಳು, ಮಲಯಾಳಂ, ಕೊಂಕಣಿ ಅನುವಾದಗಳು ಒಂದೊಂದೂ ಬೇರೆ ಬೇರೆ. ನಾಟಕ, ಸಿನಿಮಾ, ಪತ್ರಿಕೆಯ ಧಾರಾವಾಹಿ ಬೇರೆ. ಕನ್ನಡದಲ್ಲಿ ಹತ್ತಾರು ಪುಸ್ತಕ ಬರೆದವರೂ ಇದಿಷ್ಟನ್ನೂ ಒಂದೇ ಸಹಿಯಲ್ಲಿ ಪ್ರಕಾಶಕರಿಗೆ ಬರೆದುಕೊಟ್ಟಿರುತ್ತಾರೆ. ಇಲ್ಲವೇ ಏನನ್ನೂ ಬರೆದುಕೊಳ್ಳದೆ ಬಾಯಿಮಾತಿನಲ್ಲೇ ಮುಗಿಸಿರುತ್ತಾರೆ. ಕ್ರೈಸ್ತ ಸಾಹಿತ್ಯದಲ್ಲಿ ಇದು ಇನ್ನೂ ಹೆಚ್ಚು. "ದೇವರ ಕೆಲಸ, ಕಾಗದ ಯಾಕೆ" ಎಂಬ ಮಾತು ಅಲ್ಲಿ ಸುಲಭವಾಗಿ ಬರುತ್ತದೆ. ಕಾಗದ ಬೇಕು. ಲೇಖಕರ ಪರವಾಗಿ ಆ ಕಾಗದ ಮಾಡಿಸುವುದು ಏಜೆಂಟರ ಕೆಲಸ.

ಪುಸ್ತಕ ಬರೆದು, ತಿದ್ದಿ, ಪ್ರೂಫ್ ನೋಡಿ, ರಾಯಲ್ಟಿಗಾಗಿ ಕಾದು ಬಲ್ಲವರಿಗೆ ಈ ಕೆಲಸದ ಅರ್ಧ ಗೊತ್ತಿರುತ್ತದೆ. ಸಂಪಾದಕರು ಯಾವಾಗ ಮೌನವಾಗುತ್ತಾರೆ, ಆ ಮೌನದ ಅರ್ಥವೇನು, ಯಾವ ತಿಂಗಳು ಪ್ರೆಸ್‌ನಲ್ಲಿ ಪಠ್ಯಪುಸ್ತಕದ ಗಡಿಬಿಡಿ ಎಂಬುದೆಲ್ಲ ಅನುಭವದಿಂದ ಬಂದಿರುತ್ತದೆ. ಬಿಡಬೇಕಾದ ಅಭ್ಯಾಸಗಳು ಎರಡು: ಬೇರೆಯವರ ಹಸ್ತಪ್ರತಿಯನ್ನು ತಮ್ಮ ಶೈಲಿಗೆ ತಿದ್ದಿ ಬರೆಯುವುದು, ಮತ್ತು ದುಡ್ಡಿನ ಮಾತು ಬಂದಾಗ ದಾಕ್ಷಿಣ್ಯಕ್ಕೆ ಬೀಳುವುದು. ಮೊದಲನೆಯದಕ್ಕೆ ಒಂದು ಕಟ್ಟುಪಾಡು ಹಾಕಿಕೊಳ್ಳಿ. ಲೇಖಕರಿಗೆ ಕೊಡುವ ಟಿಪ್ಪಣಿ 2 ಪುಟ ಮೀರಬಾರದು, ಮತ್ತು ಅದರಲ್ಲಿ ನೀವೇ ಹೊಸದಾಗಿ ಬರೆದ ಒಂದು ವಾಕ್ಯವೂ ಇರಬಾರದು. ಎರಡನೆಯದಕ್ಕೆ ಮದ್ದು ಲಿಖಿತ ಒಪ್ಪಂದ. ಅದನ್ನು ಮುಂದೆ ನೋಡೋಣ.

ಮೊದಲು ಹೊಟ್ಟೆಪಾಡಿನ ಲೆಕ್ಕ

ಉದಾಹರಣೆಗೆ 250 ರೂಪಾಯಿ ಮುಖಬೆಲೆಯ ಕನ್ನಡ ಪುಸ್ತಕ, 1,000 ಪ್ರತಿ, ಶೇ 10 ರಾಯಲ್ಟಿ ಎಂದಿಟ್ಟುಕೊಳ್ಳಿ. ಎಲ್ಲ ಪ್ರತಿ ಖರ್ಚಾದರೆ ಲೇಖಕರಿಗೆ 25,000 ರೂಪಾಯಿ. ಏಜೆಂಟರ ಶೇ 15 ಕಮಿಷನ್ 3,750. ಆ ಸಾವಿರ ಪ್ರತಿ ಖರ್ಚಾಗಲು ಎರಡು ಮೂರು ವರ್ಷ ಹಿಡಿಯಬಹುದು. ಅದೇ ಪುಸ್ತಕ ಇಂಗ್ಲಿಷಿಗೆ ಹೋಗಿ, 500 ರೂಪಾಯಿ ಬೆಲೆಯಲ್ಲಿ, ಶೇ 7.5ರ ರಾಯಲ್ಟಿಗೆ 2,000 ಪ್ರತಿ ಮಾರಾಟವಾದರೆ 75,000 ರೂಪಾಯಿ. ಅದರಲ್ಲಿ ಅನುವಾದಕರ ಪಾಲೂ ಇದೆ. ಒಟ್ಟು ಮೊತ್ತದ ಮೇಲೆ ನಿಮ್ಮದು 11,250.

ಅಂದರೆ ಕನ್ನಡದ ಮೂಲ ಪ್ರಕಟಣೆಯೊಂದನ್ನೇ ನಂಬಿದರೆ ಈ ಕೆಲಸ ಮನೆ ನಡೆಸುವುದಿಲ್ಲ. ಅನುವಾದ, ಆಡಿಯೊ, ಹೊರದೇಶದ ಹಕ್ಕುಗಳು ಒಂದರ ಮೇಲೊಂದು ಸೇರಿ, ಹಳೆಯ ಪುಸ್ತಕಗಳ ರಾಯಲ್ಟಿ ಪ್ರತಿ ವರ್ಷ ಬರತೊಡಗಿದ ಮೇಲೆಯೇ ಇದು ಆದಾಯ. ಅಲ್ಲಿಯವರೆಗೆ, ಕಡಿಮೆ ಎಂದರೂ ಮೂರು ವರ್ಷ, ಇರುವ ನೌಕರಿಯನ್ನೋ ಪಿಂಚಣಿಯನ್ನೋ ನಂಬಿಕೊಂಡಿರಿ. ಆರಂಭದಲ್ಲಿ 8–10 ಲೇಖಕರಿಗಿಂತ ಹೆಚ್ಚು ಬೇಡ. ಹೆಚ್ಚಾದರೆ ಪ್ರತಿಯೊಬ್ಬರ ಪತ್ರವೂ ತಡವಾಗುತ್ತದೆ, ಮತ್ತು ತಡ ಮಾಡುವ ಏಜೆಂಟರ ಪತ್ರವನ್ನು ಸಂಪಾದಕರೂ ಬದಿಗೆ ಸರಿಸುತ್ತಾರೆ.

ಈ ಕೊರತೆ ತುಂಬಿಕೊಳ್ಳಲು ಹಸ್ತಪ್ರತಿ ಓದುವುದಕ್ಕೆ ಶುಲ್ಕ, ನೋಂದಣಿ ಶುಲ್ಕ, "ಎಡಿಟಿಂಗ್ ಪ್ಯಾಕೇಜ್" ಎಂದು ಲೇಖಕರಿಂದ ಹಣ ಕೇಳುವ ದಾರಿ ಹಿಡಿಯಬೇಡಿ. ಅಮೆರಿಕದ ಲಿಟರರಿ ಏಜೆಂಟರ ಸಂಘವಾದ ಎಎಎಲ್‌ಎ ತನ್ನ ಸದಸ್ಯರಿಗೆ ಓದುವ ಶುಲ್ಕವನ್ನೇ ನಿಷೇಧಿಸಿದೆ. ಪುಸ್ತಕ ಮಾರಾಟವಾದರೆ ಮಾತ್ರ ನಿಮಗೆ ಹಣ ಎಂಬ ಕಟ್ಟು ಇದ್ದಾಗಲೇ ನೀವು ಒಳ್ಳೆಯ ಹಸ್ತಪ್ರತಿಯನ್ನಷ್ಟೇ ತೆಗೆದುಕೊಳ್ಳುತ್ತೀರಿ, ಅದನ್ನು ಮಾರಲು ನಿಜವಾಗಿ ಓಡಾಡುತ್ತೀರಿ. ಹಣ ಕೊಟ್ಟು ಮುದ್ರಿಸುವ ಸಂಸ್ಥೆಗಳಿಗೆ ಲೇಖಕರನ್ನು ಕಳಿಸಿ ಅವರಿಂದ ಕಮಿಷನ್ ಪಡೆಯುವುದೂ ಇದೇ ತಪ್ಪಿನ ಇನ್ನೊಂದು ಮುಖ. ಭಾರತೀಯ ಕರಾರು ಕಾಯ್ದೆ, 1872ರ ಪ್ರಕಾರ ಏಜೆಂಟ್ ತನ್ನ ಯಜಮಾನರಿಗೆ ತಿಳಿಸದೆ ಅದೇ ವ್ಯವಹಾರದಲ್ಲಿ ಸ್ವಂತ ಲಾಭ ಮಾಡಿಕೊಳ್ಳುವಂತಿಲ್ಲ. ಇಲ್ಲಿ ಯಜಮಾನರು ಎಂದರೆ ಲೇಖಕರು.

ವ್ಯವಹಾರದ ಏರ್ಪಾಡು ಕಷ್ಟದ್ದಲ್ಲ. ಒಬ್ಬರೇ ಮಾಲೀಕರಾದ ಸಂಸ್ಥೆ, ನಿಮ್ಮದೇ ಪ್ಯಾನ್, ಸಣ್ಣ ಉದ್ಯಮಗಳಿಗೆ ಉಚಿತವಾಗಿ ಸಿಗುವ ಉದ್ಯಮ್ ನೋಂದಣಿ, ಒಂದು ಚಾಲ್ತಿ ಖಾತೆ ಇದ್ದರೆ ಸಾಕು. ಕರ್ನಾಟಕದಲ್ಲಿ ಸೇವೆಗಳ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ನಿಮ್ಮ ಸ್ವಂತ ಪುಸ್ತಕಗಳ ಒಪ್ಪಂದಗಳನ್ನೂ ಈ ಹಂತದಲ್ಲೇ ತೆಗೆದು ಓದಿ. ಯಾವ ಪ್ರಕಾಶಕರಿಗೆ ನೀವೇ ಇನ್ನೂ ಬದ್ಧರಾಗಿದ್ದೀರಿ ಎಂಬುದನ್ನು ಬರೆದಿಟ್ಟು, ಮುಂದೆ ಬರುವ ಪ್ರತಿ ಲೇಖಕರಿಗೂ ಮೊದಲೇ ತಿಳಿಸಿ.

ಯಾವ ಪ್ರಕಾಶನ ಮನೆಗೆ ಯಾವ ಪುಸ್ತಕ

ಕ್ರೈಸ್ತ ಪ್ರಕಾಶನ ಒಂದೇ ಮಾರುಕಟ್ಟೆ ಎಂದುಕೊಂಡರೆ ಮೊದಲ ವರ್ಷವೆಲ್ಲ ತಿರಸ್ಕಾರದ ಪತ್ರಗಳಲ್ಲೇ ಕಳೆಯುತ್ತದೆ. ಕಥೋಲಿಕರ ಬೈಬಲಿನಲ್ಲಿ 73 ಪುಸ್ತಕ, ಪ್ರೊಟೆಸ್ಟೆಂಟರದರಲ್ಲಿ 66. ಈ ಎರಡರಲ್ಲಿ ಕಥೋಲಿಕರ ಬೈಬಲಿನಲ್ಲಷ್ಟೇ ಇರುವ ತೋಬಿತನ ಗ್ರಂಥದಿಂದ ಉದ್ಧರಿಸಿದ ಧ್ಯಾನಲೇಖನ ಒಂದು ಕಡೆ ಸಹಜ, ಇನ್ನೊಂದು ಕಡೆ ಸಂಪಾದಕರ ಹುಬ್ಬೇರಿಸುತ್ತದೆ. ಕನ್ನಡದಲ್ಲಿ ಶಬ್ದಗಳೇ ಬೇರೆ: ಸುವಾರ್ತೆ, ಅಪೊಸ್ತಲ, ಯೆಹೋವ ಎಂದು ಬರೆಯುವವರು ಪ್ರೊಟೆಸ್ಟೆಂಟ್ ಸಂಪ್ರದಾಯದವರಾದರೆ, ಶುಭಸಂದೇಶ, ಪ್ರೇಷಿತ, ಸರ್ವೇಶ್ವರ ಎಂದು ಬರೆಯುವವರು ಕಥೋಲಿಕರು. ಎರಡೂ ಕಲಸಿದ ಹಸ್ತಪ್ರತಿ ಎರಡೂ ಕಡೆ ವಾಪಸ್ ಬರುತ್ತದೆ. ಕಳಿಸುವ ಮೊದಲು ಯಾವ ಓದುಗರಿಗೆ ಎಂದು ಲೇಖಕರಿಂದಲೇ ತೀರ್ಮಾನ ಮಾಡಿಸಿ, ಶಬ್ದಗಳನ್ನು ಆದ್ಯಂತ ಒಂದೇ ಬಗೆಗೆ ತರಲು ಹೇಳಿ.

ನಮ್ಮ ಸುತ್ತಮುತ್ತಲ ಇಂಗ್ಲಿಷ್ ಪ್ರಕಾಶಕರಲ್ಲಿ ದೆಹಲಿಯ ಐಎಸ್‌ಪಿಸಿಕೆ, 1858ರಲ್ಲಿ ಶುರುವಾದ ಚೆನ್ನೈನ ಕ್ರಿಶ್ಚಿಯನ್ ಲಿಟರೇಚರ್ ಸೊಸೈಟಿ, ಬೆಂಗಳೂರಿನ ಏಷ್ಯನ್ ಟ್ರೇಡಿಂಗ್ ಕಾರ್ಪೊರೇಷನ್ ಮುಖ್ಯವಾದವು. ಇಂಥ ಕಡೆ ಲೇಖಕರು ಏಜೆಂಟರಿಲ್ಲದೆಯೂ ಬಾಗಿಲು ತಟ್ಟಬಹುದು. ಅಲ್ಲಿ ನಿಮ್ಮ ಬೆಲೆ ಪರಿಚಯ ಮಾಡಿಸುವುದರಲ್ಲಿ ಇಲ್ಲ. ಒಪ್ಪಂದವನ್ನು ಸರಿಯಾಗಿ ಓದಿ, ಅನುವಾದ ಮತ್ತು ಆಡಿಯೊ ಹಕ್ಕುಗಳನ್ನು ಲೇಖಕರ ಕೈಯಲ್ಲೇ ಉಳಿಸುವುದರಲ್ಲಿ ಇದೆ.

ಅಮೆರಿಕದ ಲೆಕ್ಕ ಬೇರೆ. ಝೋಂಡರ್ವನ್ ಮತ್ತು ಥಾಮಸ್ ನೆಲ್ಸನ್ ಎರಡೂ ಈಗ ಹಾರ್ಪರ್‌ಕಾಲಿನ್ಸ್ ಕ್ರಿಶ್ಚಿಯನ್ ಪಬ್ಲಿಷಿಂಗ್ ಕೈಕೆಳಗಿವೆ. ಬೆಥನಿ ಹೌಸ್ ಮತ್ತು ರೆವೆಲ್ ಬೇಕರ್ ಬಳಗದವು. ಟಿಂಡೇಲ್ ಸ್ವತಂತ್ರ. ಈ ಮಟ್ಟದ ಮನೆಗಳು ಬಹುತೇಕ ಏಜೆಂಟರ ಮೂಲಕ ಬಂದದ್ದನ್ನೇ ನೋಡುತ್ತವೆ. ಆದರೆ ಜನಪ್ರಿಯ ಪುಸ್ತಕದ ವಿಷಯದಲ್ಲಿ ಅಲ್ಲಿನ ಸಂಪಾದಕರ ಮೊದಲ ಪ್ರಶ್ನೆ, ಅಮೆರಿಕದ ಓದುಗರಲ್ಲಿ ಈ ಲೇಖಕರನ್ನು ಈಗಾಗಲೇ ಎಷ್ಟು ಜನ ಬಲ್ಲರು ಎಂಬುದು. ಮೈಸೂರಿನ ಲೇಖಕರಿಗೆ ಅದಕ್ಕೆ ಉತ್ತರ ಕಷ್ಟ. ದೇವಶಾಸ್ತ್ರ, ಚರ್ಚ್ ಇತಿಹಾಸ, ಬೈಬಲ್ ಅಧ್ಯಯನದಂಥ ವಿದ್ವತ್ ಬರವಣಿಗೆಯಾದರೆ ಏಷ್ಯಾ, ಆಫ್ರಿಕಾದ ಲೇಖಕರನ್ನೇ ಹುಡುಕುವ ಲ್ಯಾಂಗ್‌ಹಮ್ ಪಬ್ಲಿಷಿಂಗ್‌ನಂಥವರ ಬಾಗಿಲು ಹೆಚ್ಚು ಹತ್ತಿರದ್ದು. ಅಲ್ಲಿಂದ ಶುರು ಮಾಡುವುದು ಜಾಣತನ.

ಕ್ರೈಸ್ತ ಮನೆಗಳಿಗಷ್ಟೇ ಅಂಟಿಕೊಳ್ಳಬೇಕಾಗಿಯೂ ಇಲ್ಲ. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಕನ್ನಡದ ಕಥೆಗಳಿಗೆ ಬಂತು. ಅದರ 50,000 ಪೌಂಡ್ ಮೂಲ ಲೇಖಕಿಗೂ ಅನುವಾದಕಿಗೂ ಸಮನಾಗಿ ಹಂಚಿಕೆಯಾಯಿತು. ಶ್ರೀರಂಗಪಟ್ಟಣದ ಗಂಜಾಮಿನ ಕ್ರೈಸ್ತ ಕುಟುಂಬದ ಕಾದಂಬರಿಯನ್ನು, ಡೋರನಹಳ್ಳಿಯ ಜಾತ್ರೆಯ ಕಥೆಯನ್ನು ಸಾಮಾನ್ಯ ಸಾಹಿತ್ಯ ಪ್ರಕಾಶಕರಿಗೆ ಧೈರ್ಯವಾಗಿ ತೋರಿಸಬಹುದು. ಆ ಮನೆಗೆ ಕಳಿಸುವಾಗ ಬೋಧನೆಯ ಭಾಗ ಕಥೆಯೊಳಗೆ ಕರಗಿದೆಯೇ ನೋಡಿ.

ಹಸ್ತಪ್ರತಿ ಕೈಗೆ ಬಂದಾಗ

ಹೆಚ್ಚು ಬರುವುದು ಮೂರು ಬಗೆ: ಪ್ರಸಂಗಗಳ (ಚರ್ಚಿನ ಉಪದೇಶಗಳ) ಸಂಗ್ರಹ, ತಮ್ಮ ನಂಬಿಕೆಯ ಕಥೆ ಹೇಳುವ ಸಾಕ್ಷಿಯ ಆತ್ಮಕಥೆ, ದಿನಕ್ಕೊಂದು ಪುಟದ ಧ್ಯಾನ. ಪ್ರಸಂಗಗಳಲ್ಲಿ ಎದುರಾಗುವ ದೊಡ್ಡ ತೊಂದರೆ ಕದ್ದ ಮಾತು, ಅದೂ ಗೊತ್ತಿಲ್ಲದೆ ಕದ್ದದ್ದು. ಇಪ್ಪತ್ತು ವರ್ಷ ವೇದಿಕೆಯಿಂದ ಹೇಳಿದ ದೃಷ್ಟಾಂತ ಯಾವ ಪುಸ್ತಕದ್ದು ಎಂಬುದು ಪಾದ್ರಿಗಳಿಗೇ ಮರೆತಿರುತ್ತದೆ. ಪ್ರತಿ ಅಧ್ಯಾಯದಿಂದ ಐದು ವಿಶಿಷ್ಟ ವಾಕ್ಯ ಆರಿಸಿ. ಅವನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟು ಅಂತರಜಾಲದಲ್ಲಿ ಹುಡುಕಿ, ಬಳಿಕ ಇಂಗ್ಲಿಷಿಗೆ ತಿರುಗಿಸಿ ಇನ್ನೊಮ್ಮೆ ಹುಡುಕಿ. ಎರಡನೆಯ ಹುಡುಕಾಟದಲ್ಲೇ ಹೆಚ್ಚು ಸಿಕ್ಕಿಬೀಳುವುದು.

ಇದನ್ನು ಇಷ್ಟು ಒತ್ತಿ ಹೇಳಲು ನಮ್ಮ ಕಡೆಯ ಒಂದು ಹಳೆಯ ಘಟನೆಯೂ ಕಾರಣ. 1799ರ ನಂತರ ಶ್ರೀರಂಗಪಟ್ಟಣದಲ್ಲಿ ಸೇವೆ ಮಾಡಿದ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯಿ ಹಿಂದೂ ಆಚಾರ ವ್ಯವಹಾರಗಳ ಬಗ್ಗೆ ಬರೆದ ಹಸ್ತಪ್ರತಿ, ಮೈಸೂರಿನಲ್ಲಿ ಬ್ರಿಟಿಷರ ಪ್ರತಿನಿಧಿಯಾಗಿದ್ದ ರೆಸಿಡೆಂಟ್ ಮಾರ್ಕ್ ವಿಲ್ಕ್ಸ್ ಅವರ ಮೂಲಕ ಮದರಾಸಿಗೆ ಹೋಯಿತು. ಈಸ್ಟ್ ಇಂಡಿಯಾ ಕಂಪನಿ ಹಣ ಕೊಟ್ಟು ಅದನ್ನು ಕೊಂಡಿತು. 1816ರಲ್ಲಿ ಲಂಡನ್ನಿನಲ್ಲಿ ಇಂಗ್ಲಿಷ್ ಅನುವಾದ ಅಚ್ಚಾಯಿತು. ಅದರ ಬಹುಭಾಗ ಹಿಂದಿನ ಜೆಸ್ವಿಟ್ ಪಾದ್ರಿ ಕೂರ್ದೂ ಅವರ ಬರಹದಿಂದ ಬಂದದ್ದು ಎಂದು 20ನೇ ಶತಮಾನದಲ್ಲಿ ಸಂಶೋಧಕಿ ಸಿಲ್ವಿಯಾ ಮ್ಯೂರ್ ತೋರಿಸಿಕೊಟ್ಟರು. ವಿಲ್ಕ್ಸ್ ಮಾಡಿದ್ದು ಇಂದಿನ ಏಜೆಂಟ್ ಮಾಡುವ ಕೆಲಸವನ್ನೇ. ಮೂಲ ಯಾರದ್ದು ಎಂದು ಕೇಳುವ ಪದ್ಧತಿ ಆಗ ಇರಲಿಲ್ಲ. ಈಗಿನ ಪ್ರತಿ ಒಪ್ಪಂದದಲ್ಲೂ "ಈ ಕೃತಿ ನನ್ನ ಸ್ವಂತದ್ದು, ತಕರಾರು ಬಂದರೆ ನಷ್ಟ ನನ್ನದು" ಎಂದು ಲೇಖಕರು ಸಹಿ ಹಾಕಬೇಕು. ಆ ಸಹಿ ಹಾಕಿಸುವ ಮೊದಲು ಹುಡುಕಿ ನೋಡಿರುವುದು ನಿಮ್ಮ ಜವಾಬ್ದಾರಿ.

ಬೈಬಲ್ ವಚನಗಳಿಗೂ ಹಕ್ಕುಸ್ವಾಮ್ಯ ಇರುತ್ತದೆ ಎಂದರೆ ಅನೇಕರು ನಂಬುವುದಿಲ್ಲ. ಹೊಸ ಅನುವಾದಗಳಿಗೆ ಇದೆ. ಇಂಗ್ಲಿಷಿನ ಎನ್‌ಐವಿ (ನ್ಯೂ ಇಂಟರ್‌ನ್ಯಾಷನಲ್ ವರ್ಶನ್) ಅನುವಾದದಿಂದ 500 ವಚನಗಳವರೆಗೆ ಅನುಮತಿಪತ್ರವಿಲ್ಲದೆ ಬಳಸಬಹುದು. ಷರತ್ತು ಎರಡು: ಬೈಬಲಿನ ಒಂದು ಇಡೀ ಪುಸ್ತಕ ಅದರಲ್ಲಿ ಬಂದಿರಬಾರದು, ಮತ್ತು ವಚನಗಳು ನಿಮ್ಮ ಪುಸ್ತಕದ ಶೇ 25ನ್ನು ಮುಟ್ಟಬಾರದು. ಹಕ್ಕುಸ್ವಾಮ್ಯದ ಸಾಲನ್ನು ಅವರು ಹೇಳಿದ ಮಾತಿನಲ್ಲೇ ಮುದ್ರಿಸಬೇಕು. ಕನ್ನಡದ ಈಗಿನ ಅನುವಾದಗಳಿಗೆ ಬೆಂಗಳೂರಿನ ಬೈಬಲ್ ಸೊಸೈಟಿ ಆಫ್ ಇಂಡಿಯಾದಿಂದ ಲಿಖಿತ ಅನುಮತಿ ತರಿಸಿ. ದಿನಕ್ಕೊಂದು ಪುಟದ ಧ್ಯಾನಪುಸ್ತಕದಲ್ಲಿ 365 ದಿನ, ದಿನಕ್ಕೆ ಎರಡು ವಚನ ಎಂದರೆ 730 ಆಗುತ್ತದೆ. ಎಣಿಸದೆ ಕಳಿಸಿದರೆ ಪ್ರೆಸ್‌ಗೆ ಹೋಗುವ ಹಿಂದಿನ ದಿನ ಗೊತ್ತಾಗುತ್ತದೆ. ಹಳೆಯ ಕೀರ್ತನೆಗಳ ಸಾಲು ಬಳಸುವುದಿದ್ದರೆ ಕವಿ ತೀರಿಕೊಂಡ ವರ್ಷ ನೋಡಿ. ಭಾರತದಲ್ಲಿ ಲೇಖಕರ ಮರಣದ ಮುಂದಿನ ವರ್ಷದಿಂದ 60 ವರ್ಷ ಹಕ್ಕುಸ್ವಾಮ್ಯ ಉಳಿಯುತ್ತದೆ. 1903ರಲ್ಲಿ ತೀರಿಕೊಂಡ ಕಿಟೆಲ್ ಅವರ ಪದ್ಯಗಳು ಈಗ ಎಲ್ಲರವು.

ಸಾಕ್ಷಿಯ ಪುಸ್ತಕಗಳಲ್ಲಿ ಬದುಕಿರುವವರ ಹೆಸರು, ಊರು, ಕಾಯಿಲೆ, ಕುಟುಂಬದ ಜಗಳ ಎಲ್ಲ ಬಂದಿರುತ್ತದೆ. ಹೆಸರಿಸಿದ ಪ್ರತಿಯೊಬ್ಬರಿಂದ ಒಪ್ಪಿಗೆಪತ್ರ ಬೇಕು, ಇಲ್ಲವೇ ಗುರುತು ಸಿಗದಂತೆ ಬದಲಿಸಬೇಕು. ಲೇಖಕರು ತಮ್ಮ ನಂಬಿಕೆಯ ಬದಲಾವಣೆ ಹೇಳುವಾಗ ಬೇರೆ ಧರ್ಮವನ್ನು ಹೀಯಾಳಿಸುವ ಮಾತು ನುಸುಳಿದ್ದರೆ ತೆಗೆಸಿ. ಧಾರ್ಮಿಕ ಭಾವನೆಗೆ ಬೇಕೆಂದೇ ಅವಮಾನ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 299ನೇ ಕಲಮಿನ ಅಪರಾಧ. ಕಾನೂನನ್ನು ಬದಿಗಿಟ್ಟರೂ, ಅಂಥ ಮಾತು ಅಕ್ಕಪಕ್ಕದಲ್ಲೇ ಬಾಳುವ ನಮ್ಮ ಊರುಗಳಿಗೆ ಸಲ್ಲದು.

ಕಥೋಲಿಕ ಲೇಖಕರಲ್ಲಿ ಇನ್ನೂ ಒಂದು ಮೆಟ್ಟಿಲಿದೆ. ಧರ್ಮೋಪದೇಶದ ಪುಸ್ತಕಗಳಿಗೆ ಸ್ಥಳೀಯ ಬಿಷಪ್ಪರ ಅನುಮೋದನೆ ಬೇಕು. ಪ್ರಾರ್ಥನಾ ಪುಸ್ತಕಕ್ಕೂ ಅನುಮತಿ ಬೇಕು. ಸನ್ಯಾಸ ಸಭೆಯ ಪಾದ್ರಿ ಅಥವಾ ಸಿಸ್ಟರ್ ಧರ್ಮ, ನೀತಿಗಳ ಬಗ್ಗೆ ಬರೆದದ್ದಾದರೆ ಅವರ ಸಭೆಯ ಮೇಲಧಿಕಾರಿಯಾದ ಪ್ರಾಂತ್ಯಾಧಿಕಾರಿಯ ಒಪ್ಪಿಗೆಯನ್ನು ಕಥೋಲಿಕ ಚರ್ಚಿನ ಕಾನನ್ ಕಾನೂನಿನ 832ನೇ ನಿಯಮ ಕೇಳುತ್ತದೆ. 668ನೇ ನಿಯಮದ ಪ್ರಕಾರ ಅವರ ದುಡಿಮೆಯ ಗಳಿಕೆ ಸಭೆಗೇ ಸೇರುತ್ತದೆ. ಹಾಗಾಗಿ ಸಹಿಗೆ ಕೂರುವ ಮೊದಲೇ ಪ್ರಾಂತ್ಯಾಧಿಕಾರಿಯಿಂದ ಒಂದು ಪತ್ರ ಪಡೆಯಿರಿ: ಪ್ರಕಟಿಸಲು ಒಪ್ಪಿಗೆ ಇದೆ, ರಾಯಲ್ಟಿ ಈ ಖಾತೆಗೆ ಹೋಗಬೇಕು, ಲೇಖಕರು ವರ್ಗವಾದರೂ ಏರ್ಪಾಡು ಮುಂದುವರಿಯುತ್ತದೆ. ಈ ಪತ್ರವಿಲ್ಲದೆ ಪುಸ್ತಕ ಅಚ್ಚಾದ ಮೇಲೆ ಹಣ ಯಾರಿಗೆ ಕೊಡಬೇಕೆಂದು ತಿಳಿಯದೆ ಪ್ರಕಾಶಕರು ತಡೆಹಿಡಿಯುತ್ತಾರೆ.

ಲೇಖಕರ ಜೊತೆ ನಿಮ್ಮ ಒಪ್ಪಂದ

ಎರಡು ಪುಟ ಸಾಕು, ಕನ್ನಡದಲ್ಲೇ ಇರಲಿ. ಯಾವ ಕೃತಿ, ಯಾವ ಭಾಷೆ, ಯಾವ ದೇಶ ಎಂದು ಹೆಸರಿಸಿ. "ಇನ್ನು ಮುಂದೆ ಬರೆಯುವ ಎಲ್ಲ" ಎಂಬ ಮಾತು ಬೇಡ. ಅವಧಿ ಒಂದು ವರ್ಷ. ಆಮೇಲೆ ಯಾರಾದರೂ 60 ದಿನದ ನೋಟಿಸ್ ಕೊಟ್ಟು ಬಿಡಬಹುದು. ಕಮಿಷನ್ ಭಾರತದೊಳಗೆ ಶೇ 15. ಹೊರದೇಶದಲ್ಲಿ ಅಲ್ಲಿನ ಸಹ-ಏಜೆಂಟ್ ಸೇರಿದರೆ ಒಟ್ಟು ಶೇ 20, ಅದನ್ನು ನೀವಿಬ್ಬರೂ ಹಂಚಿಕೊಳ್ಳುತ್ತೀರಿ. ಕೊರಿಯರ್, ನಕಲು ಪ್ರತಿಯಂಥ ಖರ್ಚಿಗೆ ಒಂದು ಮಿತಿ, ರಸೀದಿ ಕಡ್ಡಾಯ. ಅಂತಿಮ ತೀರ್ಮಾನ ಯಾವಾಗಲೂ ಲೇಖಕರದ್ದು. ಅವರ ಪರವಾಗಿ ಸಹಿ ಹಾಕುವ ಮುಖ್ತಾರ್‌ನಾಮೆ ತೆಗೆದುಕೊಳ್ಳಲೇಬೇಡಿ. ಸಂಬಂಧ ಮುಗಿದ ಮೇಲೆ ನೀವು ಮಾಡಿಸಿದ ಒಪ್ಪಂದಗಳ ಕಮಿಷನ್ ಮಾತ್ರ ನಿಮಗೆ ಬರುತ್ತಿರುತ್ತದೆ, ಹೊಸದರದ್ದು ಬರುವುದಿಲ್ಲ.

ನಿಮ್ಮ ಸ್ವಂತ ಹಸ್ತಪ್ರತಿಯನ್ನು ಲೇಖಕರ ಹಸ್ತಪ್ರತಿ ಇರುವ ಸಂಪಾದಕರಿಗೆ ಅದೇ ತಿಂಗಳಲ್ಲಿ ಕಳಿಸಬೇಡಿ. ಅನುಭವಿ ಬರಹಗಾರರು ಏಜೆಂಟ್ ಆದಾಗ ಲೇಖಕರಲ್ಲಿ ಮೊದಲು ಹುಟ್ಟುವ ಅನುಮಾನ ಇದೇ, ಮತ್ತು ಅದು ನ್ಯಾಯವಾದ ಅನುಮಾನ.

ಕಳಿಸುವ ಕಟ್ಟು

ಮಂಡ್ಯ, ಮೈಸೂರಿನ ಡಿಟಿಪಿ ಅಂಗಡಿಗಳಿಂದ ಬರುವ ಕಡತಗಳು ಹಲವು ಬಾರಿ ಹಳೆಯ ನುಡಿ ಅಥವಾ ಶ್ರೀಲಿಪಿ ತಂತ್ರಾಂಶದ ಅಕ್ಷರದಲ್ಲಿರುತ್ತವೆ. ಯೂನಿಕೋಡಿಗೆ ಪರಿವರ್ತಿಸಿದಾಗ ಅರ್ಕಾವೊತ್ತು ಜಾಗ ತಪ್ಪುತ್ತದೆ, ಒತ್ತಕ್ಷರ ಬಿಡಿಯಾಗುತ್ತದೆ, ವಚನಗಳ ಅಂಕಿ ಅಕ್ಷರವಾಗುತ್ತದೆ. ಪರಿವರ್ತನೆಯ ನಂತರ ಒಂದು ಪೂರ್ತಿ ಪ್ರೂಫ್ ಓದು ಇಲ್ಲದೆ ಕಳಿಸಬೇಡಿ.

ಇಂಗ್ಲಿಷ್ ಪ್ರಕಾಶಕರಿಗೆ ಹೋಗುವ ಪ್ರಸ್ತಾವದಲ್ಲಿ ಒಂದು ಪುಟದ ಸಾರಾಂಶ, ಅಧ್ಯಾಯಗಳ ಪಟ್ಟಿ, 8,000ದಿಂದ 10,000 ಪದಗಳ ಮಾದರಿ ಅನುವಾದ, ಲೇಖಕರ ಪರಿಚಯ, ಒಟ್ಟು ಪದಸಂಖ್ಯೆ, ಬಳಸಿದ ಬೈಬಲ್ ಅನುವಾದ, ಪಡೆದ ಅನುಮತಿಗಳು, ಕಳೆದ ಐದು ವರ್ಷದಲ್ಲಿ ಬಂದ ಇದೇ ಜಾತಿಯ ಮೂರು ನಾಲ್ಕು ಪುಸ್ತಕಗಳು ಇರಬೇಕು. ಕೊಳ್ಳುವವರು ಯಾರು ಎಂಬುದಕ್ಕೆ "ಎಲ್ಲ ಕ್ರೈಸ್ತರು" ಉತ್ತರವಲ್ಲ. ಸೆಮಿನರಿ ವಿದ್ಯಾರ್ಥಿಗಳೇ, ಭಾನುವಾರದ ಶಾಲೆಯ ಶಿಕ್ಷಕರೇ, ದುಃಖದಲ್ಲಿರುವ ಕುಟುಂಬಗಳೇ ಎಂದು ಬಿಡಿಸಿ ಬರೆಯಿರಿ. ಅನುವಾದಕರು ಬೇಕಾದರೆ ಮಾನಸಗಂಗೋತ್ರಿಯ ಭಾರತೀಯ ಭಾಷಾ ಸಂಸ್ಥಾನದಲ್ಲಿರುವ ರಾಷ್ಟ್ರೀಯ ಅನುವಾದ ಮಿಷನ್ ಅನುವಾದಕರ ರಾಷ್ಟ್ರೀಯ ಪಟ್ಟಿಯೊಂದನ್ನು ಇಟ್ಟಿದೆ. ಮಾದರಿ ಅನುವಾದಕ್ಕೂ ಬರಹದಲ್ಲಿ ಒಪ್ಪಂದ ಮಾಡಿ: ಅನುವಾದದ ಹಕ್ಕುಸ್ವಾಮ್ಯ ಅನುವಾದಕರದ್ದು, ಹೆಸರು ಪುಸ್ತಕದಲ್ಲಿ ಬರಬೇಕು.

ಒಮ್ಮೆಗೆ ಐದಾರು ಮನೆಗೆ ಕಳಿಸಿ, ಬೇರೆಯವರೂ ನೋಡುತ್ತಿದ್ದಾರೆ ಎಂದು ಪತ್ರದಲ್ಲೇ ಹೇಳಿ. ಒಂದೇ ಮನೆಯ ಇಬ್ಬರು ಸಂಪಾದಕರಿಗೆ ಎಂದೂ ಬೇಡ. ದಿನಾಂಕ, ಹೆಸರು, ಉತ್ತರ ಎಲ್ಲ ಒಂದು ಕೋಷ್ಟಕದಲ್ಲಿರಲಿ. 10–12 ವಾರಕ್ಕೊಮ್ಮೆ ಸಭ್ಯವಾಗಿ ನೆನಪಿಸಿ. ತಿರಸ್ಕಾರ ಬಂದರೆ ಸಂಪಾದಕರ ಮಾತನ್ನು ಹಾಗೇ ಲೇಖಕರಿಗೆ ತಲುಪಿಸಿ, ಮೆತ್ತಗೆ ಮಾಡಬೇಡಿ. ಪೂರ್ತಿ ಹಸ್ತಪ್ರತಿಯ ಪಿಡಿಎಫ್ ಕೊಡುವಾಗ ಪ್ರತಿ ಪುಟದಲ್ಲೂ ಪಡೆದವರ ಹೆಸರಿನ ನೀರುಗುರುತು ಹಾಕಿ. ಚರ್ಚ್ ಸಭೆಯ ವಾಟ್ಸಾಪ್ ಗುಂಪಿಗೆ ಒಮ್ಮೆ ಬಿದ್ದ ಪುಸ್ತಕವನ್ನು ಯಾರೂ ದುಡ್ಡು ಕೊಟ್ಟು ಕೊಳ್ಳುವುದಿಲ್ಲ. ಪ್ರಕಾಶಕರನ್ನು ಮುಖತಃ ಕಾಣಲು ನ್ಯಾಷನಲ್ ಬುಕ್ ಟ್ರಸ್ಟ್ ನಡೆಸುವ ನವದೆಹಲಿ ವಿಶ್ವ ಪುಸ್ತಕ ಮೇಳದಲ್ಲಿ ಹಕ್ಕುಗಳ ಮಾತುಕತೆಗೆಂದೇ ಇರುವ ರೈಟ್ಸ್ ಟೇಬಲ್ ಒಳ್ಳೆಯ ಜಾಗ. ಅಕ್ಟೋಬರ್‌ನ ಫ್ರಾಂಕ್‌ಫರ್ಟ್ ಮೇಳದ ಖರ್ಚು ಮೊದಲ ವರ್ಷಗಳಲ್ಲಿ ಹುಟ್ಟುವುದಿಲ್ಲ.

ಪ್ರಕಾಶಕರ ಒಪ್ಪಂದ ಓದುವುದು

ಇಲ್ಲಿ ನಿಮ್ಮ ಕಮಿಷನ್ನಿನ ನಿಜವಾದ ದುಡಿಮೆ ಇದೆ. ಹಕ್ಕುಸ್ವಾಮ್ಯ ಕಾಯ್ದೆ, 1957ರ 19ನೇ ಕಲಮು ಕೈಯಲ್ಲಿ ಹಿಡಿದು ಕೂರಿ. ಹಕ್ಕು ವರ್ಗಾವಣೆ ಬರಹದಲ್ಲಿರಬೇಕು, ಲೇಖಕರ ಸಹಿ ಇರಬೇಕು. ಕೃತಿ, ಹಕ್ಕು, ಅವಧಿ, ಪ್ರದೇಶ, ರಾಯಲ್ಟಿ ಎಲ್ಲ ಹೆಸರಿಸಿರಬೇಕು. ಅವಧಿ ಬರೆಯದಿದ್ದರೆ 5 ವರ್ಷ ಎಂದು, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದು ಕಾಯ್ದೆ ತಿಳಿಯುತ್ತದೆ. ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ, ಬೇರೆ ರೀತಿ ಬರೆದಿಲ್ಲದಿದ್ದಲ್ಲಿ, ಅದು ರದ್ದಾದಂತೆ. ಅವಧಿ, ಪ್ರದೇಶಗಳ ಈ ನಿಯಮ 1995ರ ಮೇ ನಂತರದ ಒಪ್ಪಂದಗಳಿಗೆ ಅನ್ವಯ. ಆದ್ದರಿಂದ ಲೇಖಕರ ಹಳೆಯ ಪುಸ್ತಕಗಳ ಕಾಗದಗಳನ್ನೆಲ್ಲ ತರಿಸಿ ನೋಡಿ. "ಪ್ರಕಾಶಕರದ್ದೇ ಹಕ್ಕು" ಎಂದು ಲೇಖಕರು ಕೈಬಿಟ್ಟ ಎಷ್ಟೋ ಪುಸ್ತಕಗಳು ಕಾನೂನಿನಲ್ಲಿ ಅವರಿಗೇ ವಾಪಸ್ ಬಂದಿರುತ್ತವೆ. ಹೊಸ ಏಜೆಂಟರಿಗೆ ಇದಕ್ಕಿಂತ ಒಳ್ಳೆಯ ಆರಂಭದ ಬಂಡವಾಳ ಸಿಗುವುದಿಲ್ಲ.

ಹಕ್ಕುಸ್ವಾಮ್ಯವನ್ನೇ ಬರೆದುಕೊಡುವ ಬದಲು "ಕನ್ನಡ ಮುದ್ರಿತ ಪುಸ್ತಕ, ಭಾರತ, 5 ವರ್ಷ, ಆವೃತ್ತಿಗೆ 1,000 ಪ್ರತಿ" ಎಂಬಂಥ ಪರವಾನಗಿ ಕೇಳಿ. ಆಮೇಲೆ ರಾಯಲ್ಟಿ ಯಾವುದರ ಮೇಲೆ ಎಂದು ನೋಡಿ. 300 ರೂಪಾಯಿ ಪುಸ್ತಕಕ್ಕೆ ಮುಖಬೆಲೆಯ ಶೇ 10 ಎಂದರೆ 30 ರೂಪಾಯಿ. ಪ್ರಕಾಶಕರ ಕೈಸೇರಿದ ಹಣದ ಶೇ 10 ಎಂದಿದ್ದು, ಅಂಗಡಿಗೆ ಶೇ 40 ರಿಯಾಯಿತಿ ಹೋದರೆ 18 ರೂಪಾಯಿ. ಶೇಕಡಾ ಒಂದೇ, ಹಣ ಅರ್ಧದ ಹತ್ತಿರ. ಅಮೆರಿಕದ ಕ್ರೈಸ್ತ ಪ್ರಕಾಶಕರಲ್ಲಿ ಎರಡನೆಯ ಕ್ರಮವೇ ಹೆಚ್ಚು ಬಳಕೆಯಲ್ಲಿದೆ. ಅಲ್ಲಿ ಶೇಕಡಾವನ್ನೇ ಏರಿಸಲು ಕೇಳಬೇಕು.

ಲೆಕ್ಕಪತ್ರ ಮಾರ್ಚ್ 31ಕ್ಕೆ ಮುಗಿದು 90 ದಿನದೊಳಗೆ ಬರಬೇಕು, ಅಚ್ಚಾದ, ಮಾರಿದ, ಉಳಿದ ಪ್ರತಿಗಳ ಸಂಖ್ಯೆ ಅದರಲ್ಲಿರಬೇಕು. ಪುಸ್ತಕ ಮಾರಾಟದಲ್ಲಿಲ್ಲ ಎಂದು ಯಾವಾಗ ತೀರ್ಮಾನ ಎಂಬುದಕ್ಕೆ ಅಂಕಿ ಹಾಕಿಸಿ, ಉದಾಹರಣೆಗೆ ವರ್ಷಕ್ಕೆ 25 ಪ್ರತಿಗಿಂತ ಕಡಿಮೆ. ಇಲ್ಲದಿದ್ದರೆ ಇ-ಪುಸ್ತಕ ಅಂಗಡಿಯಲ್ಲಿದೆ ಎಂಬ ನೆಪದಲ್ಲಿ ಹಕ್ಕು ಎಂದೂ ವಾಪಸ್ ಬರುವುದಿಲ್ಲ. ಅನುವಾದದ ಹಕ್ಕು ಕೊಡಲೇಬೇಕಾಗಿ ಬಂದರೆ ಬಂದ ಹಣದಲ್ಲಿ ಲೇಖಕರಿಗೆ ಶೇ 75ಕ್ಕಿಂತ ಕಡಿಮೆ ಒಪ್ಪಬೇಡಿ. ಕೃತಿಯನ್ನು ಕೃತಕ ಬುದ್ಧಿಮತ್ತೆಯ ತರಬೇತಿಗೆ ಕೊಡಲು ಲೇಖಕರ ಪ್ರತ್ಯೇಕ ಒಪ್ಪಿಗೆ ಬೇಕೆಂದು ಒಂದು ಸಾಲು ಸೇರಿಸಿ. ಬಿಡುಗಡೆಯ ದಿನ ಲೇಖಕರು 200 ಪ್ರತಿ ಕೊಳ್ಳಬೇಕು ಎಂಬ ಷರತ್ತು ಕ್ರೈಸ್ತ ವಲಯದಲ್ಲಿ ಸಾಮಾನ್ಯ, ಸಭೆಯವರು ಕೊಳ್ಳುತ್ತಾರೆಂಬ ನಂಬಿಕೆಯಿಂದ. ಅದು ಲೇಖಕರ ಹಣದಲ್ಲಿ ಅಚ್ಚು ಹಾಕಿದಂತೆಯೇ. ತೆಗೆಸಿ. ಆಗದಿದ್ದರೆ ಶೇ 50 ರಿಯಾಯಿತಿ ಕೇಳಿ, ಆ ಪ್ರತಿಗಳಿಗೂ ರಾಯಲ್ಟಿ ಇರಲಿ.

ಹಣ ಬರುವ ದಾರಿ

ಪ್ರಕಾಶಕರು ಪೂರ್ತಿ ರಾಯಲ್ಟಿಯನ್ನು ನಿಮ್ಮ ಖಾತೆಗೆ ಹಾಕಿ ನಿಮ್ಮ ಪ್ಯಾನ್ ಮೇಲೆ ಟಿಡಿಎಸ್ ಕಡಿದರೆ, ಲೇಖಕರ ಆದಾಯವೆಲ್ಲ ತೆರಿಗೆ ಇಲಾಖೆಯ ಕಣ್ಣಿನಲ್ಲಿ ನಿಮ್ಮದಾಗುತ್ತದೆ. ಆದ್ದರಿಂದ ಶೇ 85 ಲೇಖಕರಿಗೆ, ಶೇ 15 ಏಜೆಂಟರಿಗೆ ನೇರವಾಗಿ ಬೇರೆ ಬೇರೆ ಪಾವತಿಯಾಗಬೇಕು ಎಂದು ಒಪ್ಪಂದದಲ್ಲೇ ಬರೆಸಿ. ಲೆಕ್ಕಪತ್ರದ ನಕಲು ಇಬ್ಬರಿಗೂ ಬರಲಿ. ಅನಿವಾರ್ಯವಾಗಿ ಹಣ ನಿಮ್ಮ ಮೂಲಕ ಬಂದರೆ ಅದಕ್ಕೆಂದೇ ಪ್ರತ್ಯೇಕ ಖಾತೆ ಇಟ್ಟು 10 ದಿನದೊಳಗೆ ಕಳಿಸಿ.

ಅಮೆರಿಕದಿಂದ ಬರುವ ರಾಯಲ್ಟಿಗೆ ಲೇಖಕರು ಡಬ್ಲ್ಯು-8ಬಿಇಎನ್ ಅರ್ಜಿ ತುಂಬದಿದ್ದರೆ ಅಲ್ಲಿ ಶೇ 30 ತೆರಿಗೆ ಕಡಿಯುತ್ತಾರೆ. ತುಂಬಿ, ಭಾರತ–ಅಮೆರಿಕ ತೆರಿಗೆ ಒಪ್ಪಂದದ ಲಾಭ ಕೇಳಿದರೆ ಶೇ 15. ಕಡಿದದ್ದನ್ನು ಇಲ್ಲಿನ ತೆರಿಗೆಯಲ್ಲಿ ಹೊಂದಿಸಿಕೊಳ್ಳಲು ಲೆಕ್ಕಪರಿಶೋಧಕರಿಗೆ ತೆರಿಗೆ ಕಡಿದ ಪ್ರಮಾಣಪತ್ರ ಕೊಡಿ.

ಹೊರದೇಶದ ಮಿಷನ್ ಸಂಸ್ಥೆ "ಪುಸ್ತಕಕ್ಕೆ ಸಹಾಯಧನ" ಕಳಿಸುತ್ತೇನೆ ಎಂದರೆ ಜಾಗ್ರತೆ. ಹಕ್ಕಿಗೆ ಕೊಡುವ ರಾಯಲ್ಟಿ ವ್ಯಾಪಾರದ ಹಣ. ದೇಣಿಗೆ ವಿದೇಶಿ ವಂತಿಗೆ ಕಾಯ್ದೆಯಾದ ಎಫ್‌ಸಿಆರ್‌ಎ ಕೆಳಗೆ ಬರುತ್ತದೆ. ಆ ಕಾಯ್ದೆಯಡಿ ನೋಂದಣಿ ಅಥವಾ ಪೂರ್ವಾನುಮತಿ ಇರುವವರು ಮಾತ್ರ ಅದನ್ನು ಪಡೆಯಬಹುದು, ಅದೂ ನವದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯಲ್ಲಿ ತೆರೆದ ಖಾತೆಗೆ. ರಾಯಲ್ಟಿಯನ್ನು ಚರ್ಚಿನ ಟ್ರಸ್ಟ್ ಖಾತೆಗೆ ತರಿಸುವುದು, ದೇಣಿಗೆಯನ್ನು ನಿಮ್ಮ ಖಾತೆಗೆ ತರಿಸುವುದು ಎರಡೂ ಟ್ರಸ್ಟನ್ನೂ ನಿಮ್ಮನ್ನೂ ಸಂಕಷ್ಟಕ್ಕೆ ನೂಕುತ್ತವೆ. ಇನ್‌ವಾಯ್ಸ್‌ನಲ್ಲಿ ಕೃತಿಯ ಹೆಸರು, ಒಪ್ಪಂದದ ದಿನಾಂಕ, "ರಾಯಲ್ಟಿ" ಎಂಬ ಪದ ಇರಲಿ. "ಪ್ರೀತಿಯ ಕಾಣಿಕೆ" ಎಂದು ಬರೆದು ಕಳಿಸಿದ ಹಣವನ್ನು ವಾಪಸ್ ಮಾಡಿಸಿ, ಸರಿಯಾದ ಹೆಸರಿನಲ್ಲಿ ಮತ್ತೆ ತರಿಸಿ.

ಲೇಖಕರು ತೀರಿಕೊಂಡರೆ ಕರಾರು ಕಾಯ್ದೆಯ 201ನೇ ಕಲಮಿನಂತೆ ನಿಮ್ಮ ಏಜೆನ್ಸಿ ಅಲ್ಲಿಗೆ ಮುಗಿಯುತ್ತದೆ. ಹಕ್ಕುಸ್ವಾಮ್ಯ ಮಾತ್ರ ವಾರಸುದಾರರಿಗೆ ಇನ್ನೂ 60 ವರ್ಷ ಉಳಿದಿರುತ್ತದೆ. ವಾರಸುದಾರರು ಯಾರೆಂಬ ದಾಖಲೆ ಪಡೆದು, ಎಲ್ಲರ ಸಹಿಯೊಂದಿಗೆ ಹೊಸ ಒಪ್ಪಂದ ಮಾಡಿ, ಆ ಪತ್ರದ ನಕಲನ್ನು ಪ್ರತಿ ಪ್ರಕಾಶಕರಿಗೂ ಕಳಿಸಿ. ಅಲ್ಲಿಯವರೆಗೆ ಬಂದ ಹಣ ಮುಟ್ಟದೆ ಪ್ರತ್ಯೇಕ ಖಾತೆಯಲ್ಲಿರಲಿ. ಬದುಕಿರುವ ಲೇಖಕರು ನಿಮ್ಮನ್ನು ಬಿಟ್ಟು ಹೋಗುವುದಾದರೆ 15 ದಿನದೊಳಗೆ ಹಸ್ತಪ್ರತಿಗಳು, ಒಪ್ಪಂದಗಳ ಮೂಲ ಪ್ರತಿ, ಅನುಮತಿಪತ್ರಗಳು, ಯಾವ ಸಂಪಾದಕರ ಬಳಿ ಏನು ಇನ್ನೂ ಬಾಕಿ ಇದೆ ಎಂಬ ಕೋಷ್ಟಕ ಇಷ್ಟನ್ನೂ ಕಟ್ಟಿ ಕೊಟ್ಟು, ಸ್ವೀಕರಿಸಿದ ಸಹಿ ಪಡೆಯಿರಿ.